ಅಜ್ಜಿಯ ಬಾಯಿಗೆ ಬಿದ್ದ ರೊಟ್ಟಿ ಯಾರ ಅಪ್ಪಣೆಗೆ ಕಾಯಬೇಕಿತ್ತು?

ನಮ್ಮ ಸಭೆಗಳ ಮೇಲೆ ನೇಮಕವಾಗಿರುವ ಮಾನ್ಯ ಮೇಲ್ವಿಚಾರಕರೇ,

ನನ್ನ ಅಜ್ಜಿ ಇಂದ್ರಾಬಾಯಿಗೆ ಕೊಟ್ಟ ಕರ್ತನ ಭೋಜನ ಭೋಜನವೇ ಅಲ್ಲ, ಅಸಿಂಧು ಎಂದು ಕಳೆದ ಭಾನುವಾರ ಇಳಕಲ್ಲಿನ ನಮ್ಮ ಚರ್ಚಿನಲ್ಲಿ ಸಾರಿದಿರಿ. ಅದನ್ನು ಕೊಟ್ಟ ದೀಪಕಣ್ಣನನ್ನು ಸಭಾಹಿರಿಯರ ಸ್ಥಾನದಿಂದ ಇಳಿಸಿದ್ದೂ ಆಯಿತು. ಅಷ್ಟು ಜನರ ಮುಂದೆ ಎದ್ದು ಕೇಳಲು ನನಗೆ ಬಾಯಿ ಬರಲಿಲ್ಲ. ಈಗ ಎಲ್ಲರೂ ಓದುವಂತೆ ಕೇಳುತ್ತೇನೆ: ಸಭೆಗೆ ತಲೆ ಕ್ರಿಸ್ತನೋ, ನೀವೋ?

ನಮ್ಮ ಪಾಸ್ಟರನ್ನು ನವನಗರಕ್ಕೆ ವರ್ಗ ಮಾಡಿದಿರಿ, ಬದಲಿಗೆ ಯಾರನ್ನೂ ಕಳಿಸಲಿಲ್ಲ. ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಅನ್ನ ಬೇಡವೆಂದಳು, ಕರ್ತನ ಭೋಜನದ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಮಾತ್ರ ಬೇಕೆಂದಳು. ಪಾಸ್ಟರಲ್ಲದೆ ಬೇರೆ ಯಾರೂ ಅದನ್ನು ಕೊಡಬಾರದೆಂಬುದು ನಿಮ್ಮ ನಿಯಮ. ಅದಕ್ಕೇ ದೀಪಕಣ್ಣ ನಿಮಗೆ ಫೋನ್ ಮಾಡಿದ. "ಮುಂದಿನ ತಿಂಗಳ ಆ ಕಡೆ ಬರೋದೈತಿ. ಅಲ್ಲೀತನಕಾ ತಡಕೋ ಅಂತ ಹೇಳ್ರಿ ಅಜ್ಜಿಗೆ" ಎಂದಿರಿ. ಸಾವನ್ನು ಕಾಯಿಸುವ ಅಧಿಕಾರವೂ ನಿಮಗಿದೆ ಎಂಬುದು ನಮಗೆ ತಿಳಿದಿರಲಿಲ್ಲ, ಕ್ಷಮಿಸಿ.

ದೀಪಕಣ್ಣ ಮಗ್ಗದಿಂದ ಎದ್ದು ಕೈ ತೊಳೆದು ಬಂದ. ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ ಇತ್ತು. ಮನೆಯಲ್ಲಿ ಬ್ರೆಡ್ ಇರಲಿಲ್ಲ, ಜೋಳದ ರೊಟ್ಟಿಯನ್ನೇ ಪ್ರಾರ್ಥಿಸಿ ಮುರಿದು ಕೊಟ್ಟ. ಅಜ್ಜಿ ತಿಂದಳು, ಕಣ್ಣು ಮುಚ್ಚಿ ನಕ್ಕಳು. ಮರುದಿನ ತಾನಾಗಿ ಗಂಜಿ ಕೇಳಿದಳು. ಪವಾಡವೆಂದು ನಾನೇನೂ ಸಾರುವುದಿಲ್ಲ, ಸಾರುವ ಕೆಲಸ ನಿಮ್ಮದು.

ನಿಮಗೆ ಉರಿದದ್ದು ಜೋಳದ ರೊಟ್ಟಿಗಲ್ಲ. ನಿಮ್ಮನ್ನು ಕೇಳದೆ ಕರ್ತನು ಆ ರೊಟ್ಟಿಯಲ್ಲಿ ನಮ್ಮ ಮನೆಗೆ ಬಂದುಬಿಟ್ಟನಲ್ಲ, ಅದಕ್ಕೆ. ಮೀನು ಹಿಡಿಯುವವರನ್ನು ಆತ ಶಿಷ್ಯರಾಗಲು ಕರೆದಾಗ ಯಾವ ಕಚೇರಿಯ ಮೊಹರು ಒತ್ತಿಸಿಕೊಂಡಿದ್ದ? ಕುರಿ ಕಾಯಲು ಇಟ್ಟ ಆಳು ಹಿಂಡೇ ತನ್ನದೆಂದರೆ ಗುಡೂರಿನ ಕುರುಬರು ಬಿದ್ದು ಬಿದ್ದು ನಗುತ್ತಾರೆ. ನಾವು ಮಾತ್ರ ನಿಮಗೆ ಎತ್ತರದ ಕುರ್ಚಿ ಹಾಕಿ, ಶಾಲು ಹೊದಿಸಿ, ಕೈಮುಗಿದು ನಿಲ್ಲುತ್ತೇವೆ. ನಿಮ್ಮನ್ನು ಕೆಡಿಸಿದವರಲ್ಲಿ ನಾವೂ ಇದ್ದೇವೆ.

ನೀವು ಹೇಳಿದ್ದನ್ನು ಯಾರೋ ಪುಣ್ಯಾತ್ಮರು ಅಜ್ಜಿಗೆ ಮುಟ್ಟಿಸಿದರು. ಅಂದಿನಿಂದ ಮತ್ತೆ ತುತ್ತು ಬಿಟ್ಟಿದ್ದಾಳೆ. ನಿನ್ನೆ ನನ್ನ ಕೈ ಹಿಡಿದು ಕೇಳಿದಳು, "ಹಂಗಾರ ಅವತ್ತ ನನ್ನ ಹಂತೇಕ ಬಂದಾಂವ ಯಾರವಾ?"

ನನಗೆ ಉತ್ತರ ಗೊತ್ತು, ಹೇಳಿದೆ. ನಂಬಲಿಲ್ಲ. ಜೀವನವಿಡೀ ನಿಮ್ಮಂಥವರ ಮಾತನ್ನೇ ನಂಬಿದವಳು ಅವಳು. ಆದ್ದರಿಂದ ನೀವೇ ಬರಬೇಕು, ಈ ವಾರವೇ ಬರಬೇಕು. ಅವಳ ಹಾಸಿಗೆಯ ಪಕ್ಕ ಕೂತು, ಬಂದವನು ಕರ್ತನೇ, ತಪ್ಪಿದವನು ನಾನು ಎಂದು ಹೇಳಬೇಕು. ಸ್ವಲ್ಪ ಜೋರಾಗಿ ಹೇಳಿ, ಅವಳಿಗೆ ಕಿವಿ ಮಂದ.

ಇಂತಿ, ನಿಮ್ಮ ಹಿಂಡಿನಲ್ಲಿ ಈವರೆಗೆ ಸದ್ದು ಮಾಡದಿದ್ದ ಕುರಿ,
ಶೀಲಾ, ಇಳಕಲ್