ಅಮಾವಾಸ್ಯೆಯ ಮದುವೆ

12 ನವೆಂಬರ್ 2025, ಇಳಕಲ್ಲ. ಬೆಳಿಗ್ಗೆ

ನಳ ಬಂದಿತ್ತು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಎರಡು ಬ್ಯಾರಲ್ ತುಂಬಿ ಮೂರನೆಯದಕ್ಕೆ ಪೈಪು ಹಾಕುತ್ತಿದ್ದೆ, ಸೌದಿಯ ದಮ್ಮಾಮಿನಿಂದ ನಾಗಲಿಂಗನ ಫೋನು. ದನಿಯಲ್ಲೇ ಕುಣಿಯುತ್ತಿದ್ದ. ಅವನು ಮಷೀನು ರಿಪೇರಿ ಮಾಡುವ ಆಸ್ಪತ್ರೆಯವರು ಫ್ಯಾಮಿಲಿ ಕ್ವಾರ್ಟರ್ಸ್ ಮಂಜೂರು ಮಾಡಿದ್ದಾರೆ. ಎರಡು ರೂಮು. ಜನವರಿ ಹದಿನೈದರೊಳಗೆ ಹೆಂಡತಿಯ ಕಾಗದ ಕೊಡಬೇಕು. ಇಲ್ಲದಿದ್ದರೆ ಸರದಿಯಲ್ಲಿ ಹಿಂದೆ ನಿಂತವನಿಗೆ ಹೋಗುತ್ತದೆ. ಆಮೇಲೆ ಇನ್ನೆರಡು ವರ್ಷ ಕಾಯುವುದು.

"ಲಗ್ನದ ಸರ್ಟಿಫಿಕೇಟ್ ಅಟೆಸ್ಟ್ ಮಾಡಿಸಿಬಿಡು ಗಂಗಾ. ಟ್ರಂಕಿನ್ಯಾಗ ಐತೇನು?"

ಟ್ರಂಕಿನಲ್ಲಂತೆ. ನಮ್ಮ ಮದುವೆಗೆ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಕಳೆದ ವರ್ಷ ಡಿಸೆಂಬರ್ ಒಂದು, ಕೂಡಲಸಂಗಮ, ಹೊಳೆ ದಂಡೆ. ಅಮಾವಾಸ್ಯೆ — ಬೇಕೆಂದೇ ಆರಿಸಿದ ದಿನ. ತಾಳಿ ಇಲ್ಲ, ಮಂತ್ರ ಹೇಳುವ ಅಯ್ಯನವರಿಲ್ಲ, ಕಾರ್ಡ್ ಇಲ್ಲ. ಎದುರುಬದುರು ನಿಂತು ಪ್ರತಿಜ್ಞೆ ಓದಿದೆವು, ರುದ್ರಾಕ್ಷಿ ಹಾಕಿಕೊಂಡೆವು, ಹುಗ್ಗಿ ಉಂಡೆವು. ಫೋಟೋ ಕೂಡ ಇಲ್ಲ. ಮದುವೆ ಪ್ರದರ್ಶನವಲ್ಲ ಎಂದು ನಾನೇ ಬುಟ್ಟಿ ಹಿಡಿದು ನಿಂತು ಬಂದವರ ಫೋನು ಇಸಿದುಕೊಂಡಿದ್ದೆ. ಮೂವತ್ತು ಫೋನು. ಎಷ್ಟು ಹೆಮ್ಮೆ ಆಗಿತ್ತು ಆಗ... ನೋಂದಣಿಯ ಮಾತು ಬಂದಾಗ, ನಮ್ಮ ಮಾತಿಗೆ ಸರ್ಕಾರದ ಮೊಹರು ಯಾಕೆ ಎಂದವಳೂ ನಾನೇ. ನಾನು ಓದಿದ ಪುಸ್ತಿಕೆಗಳಲ್ಲಿ ಸರಳ ವಿವಾಹದ ಬಗ್ಗೆ ಎಲ್ಲ ಇತ್ತು. ವೀಸಾದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಬ್ಯಾರಲ್ ತುಂಬಿ ನೀರು ಅಂಗಳಕ್ಕೆ ಹರಿದಿತ್ತು. ಅತ್ತೆ ಬೈದರು.

14 ನವೆಂಬರ್

ಬಾಗಲಕೋಟೆಗೆ ಹೋಗಿಬಂದೆ. ಬಸ್ಸಿನಲ್ಲಿ ನಿಂತೇ. ಏಜೆಂಟ್ ಶ್ರೀಶೈಲ ಎಂಬವನು ಗಲ್ಫಿಗೆ ಹೋಗುವವರ ಕಾಗದಪತ್ರ ಮಾಡಿಸುತ್ತಾನೆ. ನೋಂದಣಿಗೆ ಲಗ್ನಪತ್ರಿಕೆ ಬೇಕು, ಮದುವೆಯ ಫೋಟೋ ಬೇಕು, ಮೂವರು ಸಾಕ್ಷಿ ಬೇಕು ಎಂದ. ಸಾಕ್ಷಿ ಮೂವತ್ತು ಮಂದಿ ಇದ್ದಾರೆ, ಉಳಿದೆರಡು ಇಲ್ಲ ಎಂದೆ. ಯಾಕಿಲ್ಲ ಎಂದು ಕೇಳಿದ. ಹೇಳಿದೆ. ಪೆನ್ನು ಕೆಳಗಿಟ್ಟ.

"ಮೇಡಮ್, ಈಗ ನಾಯಿಮರಿ ಹುಟ್ಟಿದ್ರೂ ಫೋಟೋ ತಗೀತಾರ್ರಿ."

ಎರಡು ದಾರಿ ತೋರಿಸಿದ. ಒಂದು — ಹಳೆಯ ತಾರೀಖು ಹಾಕಿ ಈಗ ಹತ್ತು ಕಾರ್ಡ್ ಅಚ್ಚು ಹಾಕಿಸುವುದು, ಸ್ಟುಡಿಯೋದಲ್ಲಿ ಮಂಟಪದ ಪರದೆ ಮುಂದೆ ತಾಳಿ ಕಟ್ಟಿದ ಹಾಗೆ ನಿಲ್ಲುವುದು. ಇನ್ನೊಂದು — ನಾಗಲಿಂಗ ಮುಂದಿನ ತಿಂಗಳು ರಜೆಗೆ ಬಂದಾಗ ಎಲ್ಲರ ಹಾಗೆ ಹೊಸದಾಗಿ ಮದುವೆ ಮಾಡಿಕೊಂಡು ಅದನ್ನೇ ನೋಂದಾಯಿಸುವುದು. ಬರೀ ಸಾಕ್ಷಿಗಳ ಮೇಲೆ ಆಗುವುದಿಲ್ಲವೇ ಎಂದೆ. ಆಗುತ್ತದೆ — ಅಫಿಡವಿಟ್, ವಿಚಾರಣೆ, ಎರಡು ಮೂರು ತಿಂಗಳು. ಸ್ಪೆಷಲ್ ಮ್ಯಾರೇಜ್ ಕಾಯ್ದೆಯಲ್ಲಿ ಮಾಡಿಸಿದರೆ ಮೂವತ್ತು ದಿನದ ನೋಟಿಸು. ನಾಗಲಿಂಗನ ರಜೆ ಇಪ್ಪತ್ತೊಂದು ದಿನ.

ಅಂದರೆ ತಾರೀಖು ಖರೆ ಇರಬೇಕೆಂದರೆ ಫೋಟೋ ಸುಳ್ಳು. ಫೋಟೋ ಖರೆ ಇರಬೇಕೆಂದರೆ ತಾರೀಖು ಸುಳ್ಳು. ಬಸ್ಸಿಳಿಯುವವರೆಗೂ ಇದನ್ನೇ ಹಿಂದೆ ಮುಂದೆ ಮಾಡುತ್ತಿದ್ದೆ. ತಲೆ ಸಿಡಿಯುತ್ತಿದೆ.

16 ನವೆಂಬರ್, ಸಂಜೆ

ಹಿಂದಿನ ಓಣಿಯ ಮೆಹರುನ್ನಿಸಾ ಅವರ ಮನೆಗೆ ಹೋಗಿದ್ದೆ. ಒಂಬತ್ತು ವರ್ಷ ದಮ್ಮಾಮಿನಲ್ಲಿ ಇದ್ದು ಬಂದವರು. ಗಂಡ ಅಲ್ಲಿ ಟ್ರಕ್ ಓಡಿಸುತ್ತಿದ್ದ. ಈಗ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾರೆ.

ಆ ದೇಶದ ಹೆಂಗಸರ ಸ್ಥಿತಿಯ ಬಗ್ಗೆ ಇದ್ದ ಪುಸ್ತಿಕೆ ಒಯ್ದಿದ್ದೆ. ಕೆಂಪು ಗೆರೆ ಎಳೆದು ತಯಾರಿ ಮಾಡಿಕೊಂಡಿದ್ದೆ — ಇದಕ್ಕೆ ಒಪ್ಪುವುದಿಲ್ಲ, ಇದಕ್ಕೆ ಒಪ್ಪುವುದಿಲ್ಲ. ಅವರು ತಿರುವಿ ನೋಡಿ ನಕ್ಕರು. ಇದು ಯಾವ ಕಾಲದ್ದು, ಈಗ ಅಲ್ಲಿನ ಹೆಂಗಸರು ಕಾರು ಓಡಿಸುತ್ತಾರೆ ಎಂದರು. ಬುರ್ಖಾದ ಮಾತು ತೆಗೆದೆ. ಕರೀ ಬಟ್ಟೆ ಎರಡು ದಿನಕ್ಕೆ ರೂಢಿಯಾಗುತ್ತದಂತೆ. ರೂಢಿಯಾಗದ್ದು ಮಧ್ಯಾಹ್ನ. ಗಂಡ ಡ್ಯೂಟಿಗೆ ಹೋದ ಮೇಲೆ ನಾಲ್ಕು ಗೋಡೆ, ಕೂರಲು ಕಟ್ಟೆ ಇಲ್ಲ, ಹಾದುಹೋಗುವವರಿಲ್ಲ. ಅವರು ಮೊದಲ ವರ್ಷ ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದರಂತೆ. ಕೊರಳಲ್ಲಿನ ಲಿಂಗದ ಬಗ್ಗೆ ಕೇಳಿದೆ. ಅಂಗಿಯ ಒಳಗಿರಲಿ ಎಂದರು. ತಮ್ಮ ತಾಯಿತವನ್ನು ಕಂಡೇ ಅಲ್ಲಿನ ಒಬ್ಬಾಕೆ ಗದರಿಸಿದ್ದಳಂತೆ, ದರ್ಗಾದಿಂದ ತಂದದ್ದೆಂದು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು.

"ಒಂದು ತಿಳಕೊ ಬೇಟಿ. ಇಲ್ಲಿ ನೀ ಹೆಂಡತಿ ಅಂತ ಓಣಿ ಹೇಳ್ತದ. ಅಲ್ಲಿ ಓಣಿ ಇಲ್ಲ. ದವಾಖಾನಿಗೆ ಹೋಗು, ರೂಮ್ ಹಿಡಿ, ಕಾಗದ ಹೇಳಬೇಕು. ಕಾಗದ ಇಲ್ಲದ ಹೋಗಬ್ಯಾಡ."

ಜಗಳ ಆಡಲು ಹೋದವಳು ಚಹಾ ಕುಡಿದು ಬಂದೆ.

19 ನವೆಂಬರ್

ಹೊಸದಾಗಿ ಮದುವೆಯಾಗುವ ಮಾತು ಅತ್ತೆಗೆ ಗೊತ್ತಾಯಿತು. ನಾಗಲಿಂಗನೇ ಹೇಳಿದ್ದಾನೆ, ನನ್ನನ್ನು ಕೇಳದೆ. ಅತ್ತೆ ಸಾವಂತ್ರವ್ವನವರನ್ನು ಈ ಒಂದು ವರ್ಷದಲ್ಲಿ ಇಷ್ಟು ಚುರುಕಾಗಿ ನೋಡಿರಲಿಲ್ಲ. ಅಮಾವಾಸ್ಯೆಯ ದಿನ ಹಿಂದೆ ಕೂತು ಹುಗ್ಗಿ ಮುಟ್ಟದೆ ಎದ್ದುಹೋದವರು ಇವರು. ಇವತ್ತು ಪಂಚಾಂಗ ನೋಡಿಸಿಕೊಂಡು ಬಂದಿದ್ದಾರೆ. ಧನುರ್ಮಾಸ ಹತ್ತುವ ಮೊದಲು, ಡಿಸೆಂಬರ್ ಹತ್ತು.

ನಾನು ಇನ್ನೂ ಒಪ್ಪಿಲ್ಲ ಎಂದೆ. ಅದಕ್ಕೆ ಅವರು ಹೇಳಿದ್ದು —

"ಬಳಗದಾಗ ನಾ ಹೇಳೇನವ್ವ, ಹುಡುಗನ ಲಗ್ನ ಇನ್ನ ಮಾಡೋದೈತಿ ಅಂತ."

ಒಂದು ವರ್ಷದಿಂದ ಈ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೇನೆ. ನೀರು ತುಂಬುತ್ತಿದ್ದೇನೆ. ಏನೆಂದು ಹೇಳಿದ್ದಾರೆ ನನ್ನನ್ನು? ತವರು ಗುಡೂರಿನಿಂದ ಬಂದ ಬಾಡಿಗೆಯವಳು ಎಂದೇ?

ಕೇಳಿದೆ. ಅದಕ್ಕೂ ಉತ್ತರವಿತ್ತು. "ಬೀಗರ ಮಗಳು, ಕೋರ್ಸ್ ಮಾಡಾಕ ಬಂದಾಳ ಅಂತ."

ಯಾವ ಕೋರ್ಸ್ ಎಂದು ಯಾರೂ ಕೇಳಲಿಲ್ಲವಂತೆ.

1 ಡಿಸೆಂಬರ್

ಒಂದು ವರ್ಷ. ಅದರಲ್ಲಿ ಒಟ್ಟಿಗೆ ಇದ್ದದ್ದು ಎಂಬತ್ತೊಂಬತ್ತು ದಿನ.

ಫೋನು ಬಂತು. ಬ್ಯಾಗಿನ ತೂಕದ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದ. ಇಟ್ಟ.

6 ಡಿಸೆಂಬರ್

ಬಂದ. ಕರಗಿದ್ದಾನೆ. ಕಣ್ಣ ಕೆಳಗೆ ಕಪ್ಪು. ಎಡಗೈ ಹೆಬ್ಬೆರಳಿನ ಮೇಲೆ ಬೆಸುಗೆ ತಾಗಿದ ಕಲೆ, ಹೊಸದು.

ಒಂದು ತಾಸು ಸುಖವಾಗಿತ್ತು. ಆಮೇಲೆ ನಾನೇ ಮಾತು ತೆಗೆದೆ. ಈಗ ಮತ್ತೆ ಮದುವೆ ಆದರೆ ಸರ್ಕಾರದ ಪುಸ್ತಕದಲ್ಲಿ ನಾವು ಒಂದು ವರ್ಷ ಏನಾಗಿದ್ದೆವು? ತಾಳಿ ಕೊರಳ ಹಗ್ಗ ಎಂದು ಹೊಳೆ ದಂಡೆಯಲ್ಲಿ ಅಷ್ಟು ಜನರ ಮುಂದೆ ಓದಿದ್ದು ಏನಾಗಬೇಕು? ಗಟ್ಟಿಯಾಗಿಯೇ ಓದಿದ್ದನಲ್ಲ ಅವನೂ. ಜನವರಿ ದಾಟಿದರೂ ಪರವಾಗಿಲ್ಲ, ಅಫಿಡವಿಟ್ ಮಾಡಿಸೋಣ ಎಂದೆ. ಹೇಳುತ್ತ ಹೇಳುತ್ತ ನನ್ನ ದನಿ ಏರುತ್ತಿತ್ತು.

"ಗಂಗಾ, ಒಂದು ರೂಮಿನ್ಯಾಗ ಎಂಟು ಮಂದಿ ಇರ್ತೇವಿ. ಒಬ್ಬ ಎದ್ರ ಇನ್ನೊಬ್ಬ ಮಲಗಬೇಕು. ನಿನ್ನ ಜೋಡಿ ಮಾತಾಡಾಕ ಟೆರೇಸಿಗೆ ಹೋಗ್ತೇನಿ, ಅಲ್ಲೂ ಪಾಳಿ. ಇನ್ನೆರಡು ವರ್ಷ ನನ್ನ ಕಡೆ ಆಗೂದಿಲ್ಲ."

ಇದಕ್ಕೆ ಯಾವ ಪುಸ್ತಿಕೆಯಲ್ಲಿ ಉತ್ತರವಿದೆ?

ಒಪ್ಪಿದೆ. ಕಾರ್ಡ್ ಮೇಲೆ ಹಳೆಯ ತಾರೀಖು ಹಾಕಿಸಿ ಖೋಟಾ ಮಾಡುವುದಕ್ಕಿಂತ ಇದು ವಾಸಿ. ಹೊಸ ಮದುವೆ ಕಣ್ಣೆದುರು ನಡೆಯುತ್ತದೆ, ಅಷ್ಟಾದರೂ ಖರೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನಂಬಲಿಲ್ಲ.

10 ಡಿಸೆಂಬರ್

ಆಯಿತು.

ಫೋಟೋಗೆ ಬೇಕಾದಷ್ಟೇ ಎಂದಿದ್ದರು. ಅಂಗಳದ ತುಂಬ ಚಪ್ಪರ. ನೂರು ಎಲೆಯ ಊಟ. ಹಸಿರು ಬಳೆ, ಅರಿಷಿಣ, ಹೂವಿನ ದಂಡೆ. ಯಾರೋ ನನ್ನ ಗದ್ದ ಹಿಡಿದು ಎತ್ತಿ ಕ್ಯಾಮರಾಕ್ಕೆ ತೋರಿಸಿದರು. ಅಯ್ಯನವರು ನನಗೆ ತಿಳಿಯದ ಭಾಷೆಯಲ್ಲಿ ನನ್ನ ಪರವಾಗಿ ಏನೇನೋ ಒಪ್ಪಿಕೊಂಡರು. ಹೊಳೆ ದಂಡೆಯಲ್ಲಿ ಹುಗ್ಗಿ ಉಂಡು ಹೋಗಿದ್ದವರೇ ಐದಾರು ಮಂದಿ ಅಕ್ಷತೆ ಹಾಕಿದರು, ಮೊದಲ ಸಲ ನೋಡುವವರ ಹಾಗೆ. ಮೆಹರುನ್ನಿಸಾ ಕುಚ್ಚು ಕಟ್ಟಿದ ಸೀರೆ ತಂದುಕೊಟ್ಟು ಕಿವಿಯಲ್ಲಿ, ಮುಖ ಅಷ್ಟು ಗಂಟು ಹಾಕಿದ್ರ ವೀಸಾ ಕೊಡೂದಿಲ್ಲ ನೋಡು, ಎಂದರು. ನಗು ಬಂತು. ಫೋಟೋದಲ್ಲಿ ನಾನು ನಕ್ಕದ್ದು ಅದೊಂದರಲ್ಲೇ ಇರಬೇಕು.

ಅರಿಷಿಣ ಹಚ್ಚುವಾಗ ಅತ್ತೆ ನನ್ನ ಕೆನ್ನೆಯನ್ನು ಎರಡೆರಡು ಸಲ ಸವರಿದರು. ನನ್ನ ಸಿಟ್ಟು ಕರಗದ ಹಾಗೆ ಹಿಡಿದಿಟ್ಟುಕೊಳ್ಳಲು ಎಷ್ಟು ಕಷ್ಟಪಟ್ಟೆ.

ಎಲ್ಲರೂ ಹೋದ ಮೇಲೆ ಚಪ್ಪರದ ಕೆಳಗೆ ಕೂತಿದ್ದೆವು. ನಾಗಲಿಂಗ ಬಾಸಿಂಗ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಖುಷಿಯಾಗಿದ್ದ.

"ಈಗ ಲಗ್ನ ಆದಂಗಾತು ನೋಡು" ಎಂದ.

ಹಾಗಾದರೆ ಅದು ಏನು ಎಂದೆ. ಯಾವುದು ಎಂದ. ಆಮೇಲೆ — ಅದೂ ಆಗಿತ್ತು, ಆದ್ರ... ಎಂದು ಅಲ್ಲಿಗೇ ಬಿಟ್ಟ.

ಆದ್ರ?

ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದ.

13 ಡಿಸೆಂಬರ್

ಮಾತಿಲ್ಲ. ಅವನು ಎರಡು ಸಲ ಪ್ರಯತ್ನಿಸಿದ. ಅಟೆಸ್ಟೇಶನ್, ಬ್ಯಾಗು, ಪಾಸ್‌ಪೋರ್ಟ್ ಸೈಜ್ ಫೋಟೋ. ಹೂಂ ಎಂದೆ.

ನನ್ನ ಸಿಟ್ಟು ಅತ್ತೆಯ ಮೇಲಲ್ಲ, ತಾಳಿಯ ಮೇಲೂ ಅಲ್ಲ. ಆ ಅಮಾವಾಸ್ಯೆಯ ದಿನ ನಾನು ಒಬ್ಬಳೇ ಮದುವೆಯಾಗಿದ್ದೆನೇ ಎಂಬುದಕ್ಕೆ.

18 ಡಿಸೆಂಬರ್, ಹುನಗುಂದ. ಮಧ್ಯಾಹ್ನ 1.20

ನೋಂದಣಿ ಕಚೇರಿಯ ಹೊರಗಿನ ಬೆಂಚು. ಬರೆಯದಿದ್ದರೆ ಕೂರಲಾಗುವುದಿಲ್ಲ.

ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಕಾರ್ಡು, ಫೋಟೋ, ಮೂವರು ಸಾಕ್ಷಿಗಳು, ಅಚ್ಚುಕಟ್ಟಾದ ಫೈಲು. ಅಧಿಕಾರಿ ಐವತ್ತರ ಸುಮಾರಿನ ಹೆಂಗಸು, ಮರ್ಯಾದೆಯಿಂದ ಮಾತಾಡುವವರು. ಹೆಸರು, ಊರು ಕೇಳಿದರು. ಮದುವೆ ಯಾವತ್ತಾಯಿತು ಎಂದರು. ನನ್ನ ಬಾಯಿ ಹೇಳಿಬಿಟ್ಟಿತು — ಹೋದ ವರ್ಷ ಡಿಸೆಂಬರ್ ಒಂದು.

ಬೇಕೆಂದು ಹೇಳಲಿಲ್ಲ. ಬೇಡವೆಂದೂ ತಡೆಯಲಿಲ್ಲ.

ಅವರು ಕಾರ್ಡ್ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದರು. "ತಂಗಿ, ಇದರಾಗ ಹತ್ತನೇ ತಾರೀಖೈತಿ. ಊಟ ಮಾಡಿ ಬರ್ರಿ. ಒಬ್ಬೊಬ್ಬರನ್ನ ಕರದು ಕೇಳ್ತೇನಿ. ಇಬ್ಬರದೂ ಒಂದ ತಾರೀಖಿರಬೇಕು." ಹಳೆಯದೇ ಆದರೆ ಈ ಫೈಲು ನಡೆಯುವುದಿಲ್ಲ, ಅಫಿಡವಿಟ್ ಹಾಕಿ ಮತ್ತೆ ಬರಬೇಕು, ಸಂಕ್ರಾಂತಿ ದಾಟುತ್ತದೆ ಎಂದರು.

ಹೊರಗೆ ಬಂದ ಮೇಲೆ ನಾಗಲಿಂಗ ಬೈಯುತ್ತಾನೆ ಎಂದುಕೊಂಡೆ. ಉತ್ತರ ಕೂಡ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬೈಯಲಿಲ್ಲ. ಸಾಕ್ಷಿಗಳನ್ನು ಖಾನಾವಳಿಗೆ ಕಳಿಸಿದ. ತಾನು ಹೋಗಲಿಲ್ಲ. ಗೇಟಿನ ಹತ್ತಿರ ಮೋಟಾರ್ ಸೈಕಲ್ಲಿನ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದಾನೆ. ಇಪ್ಪತ್ತೇಳಕ್ಕೆ ಅವನ ವಿಮಾನ.

1.50

ಅವನನ್ನು ಇಲ್ಲಿಂದ ನೋಡುತ್ತಿದ್ದೇನೆ. ಎಂಟು ಮಂದಿಯ ರೂಮಿಗೆ ಮತ್ತೆ ಹೋಗುವವನು. ಟೆರೇಸಿನಲ್ಲಿ ಪಾಳಿಗೆ ನಿಲ್ಲುವವನು. ಅವನು ಯಾವುದನ್ನು ಮದುವೆ ಎಂದುಕೊಂಡರೇನು, ಕಾಯುತ್ತಿರುವುದು ನನಗೇ ಅಲ್ಲವೇ... ಮೊದಲಿನದಕ್ಕೆ ನಾನೊಬ್ಬಳೇ ಸಾಕ್ಷಿಯಾದರೆ ಆಗಲಿ. ನನ್ನೊಳಗೆ ಇಟ್ಟುಕೊಳ್ಳುತ್ತೇನೆ. ದಮ್ಮಾಮಿಗೆ ಅದನ್ನೂ ಒಯ್ಯುತ್ತೇನೆ, ಯಾವ ಕಸ್ಟಮ್ಸಿನವರೂ ಬಿಚ್ಚಿ ನೋಡುವುದಿಲ್ಲ.

ಹತ್ತನೇ ತಾರೀಖು ಎಂದೇ ಹೇಳುತ್ತೇನೆ. ಬಾಯಿ ಕಹಿಯಾಗಿದೆ. ಆದರೂ ಹೇಳುತ್ತೇನೆ.

ಅವನಿಗೆ ಹೋಗಿ ತಿಳಿಸಬೇಕಿತ್ತು. ಎದ್ದೆ. ಅಷ್ಟರಲ್ಲಿ ಜವಾನ ಅವನನ್ನು ಒಳಗೆ ಕರೆದ.

2.35

ಬಾಗಿಲು ಅರ್ಧ ತೆರೆದಿದೆ. ಎಲ್ಲ ಕೇಳಿಸಿತು. ಕೇಳಿಸಿದ್ದನ್ನು ಹಾಗೆಯೇ ಬರೆದಿಡುತ್ತೇನೆ.

ಯಾವತ್ತು ಮದುವೆ ಎಂದರು ಅಧಿಕಾರಿ.

"ಹೋದ ವರ್ಷ ಡಿಸೆಂಬರ್ ಒಂದರ್ರಿ. ಅಮಾಸಿ. ಸಂಗಮದಾಗ."

ಕಾರ್ಡಿನ ಮೇಲಿರುವುದು ಮತ್ತೇನು ಎಂದು ಕೇಳಿದರು.

"ಅದು ನಮ್ಮವ್ವನ ಸಲುವಾಗಿ ಮಾಡಿದ್ದರ್ರಿ. ನನಗೂ ಖುಷಿ ಆತು, ಇಲ್ಲಂತ ಹೇಳೂದಿಲ್ಲ. ಆದ್ರ ಲಗ್ನ ಆಗಿದ್ದು ಅವತ್ತ."

ಪೇಪರ್ ಆಗುವುದಿಲ್ಲ, ನಿಮ್ಮ ಕ್ವಾರ್ಟರ್ಸ್ ಹೋಗುತ್ತದೆ, ಗೊತ್ತಿದೆಯಲ್ಲ ಎಂದರು. ಗೊತ್ತೈತ್ರಿ ಎಂದ. ಕುರ್ಚಿ ಸರಿದ ಸದ್ದು.

ಗೊತ್ತಿತ್ತಂತೆ. ಎಂಟು ದಿನದಿಂದ ಈ ಬಗ್ಗೆ ಬಾಯಿ ಬಿಡದವನು. ಚಪ್ಪರದ ಕೆಳಗೆ ಇದನ್ನು ಹೇಳಲು ಏನಾಗಿತ್ತು? ಬೆಳಿಗ್ಗೆ ಹೇಳಲು ಏನಾಗಿತ್ತು? ಇನ್ನೆರಡು ವರ್ಷ ಆಗುವುದಿಲ್ಲ ಎಂದವನು ತಾನೇ? ಎಷ್ಟು ಸಿಟ್ಟು ಬರುತ್ತಿದೆ ಎಂದರೆ ಅಕ್ಷರ ಕಾಣುತ್ತಿಲ್ಲ. ಶಿವಗಂಗಾ ಎಂದು ನನ್ನನ್ನು ಕರೆದರು. ಎರಡನೇ ಸಲ. ಹೋಗಿ ನಾನೂ ಒಂದನೇ ತಾರೀಖು ಎಂದೇ —