ಅವ್ವನ ಬಳೆಯೊಳಗಿನ ಅರಗು

ಅಪ್ಪಾ,

ತೀರಿಕೊಂಡವನನ್ನು ಕ್ಷೇಮವೇ ಎಂದು ಕೇಳುವಂತಿಲ್ಲ. ಮೊನ್ನೆ ನಿನ್ನನ್ನು ಒಂದೇ ಮಾತು ಕೇಳಬೇಕೆನಿಸಿತ್ತು: ಅವ್ವನ ಬಳೆಯ ಚಿನ್ನವನ್ನು ಏನು ಮಾಡಿದೆ?

ನೆನಪಿದೆಯಾ, ಪ್ರತಿ ಗೌರಿ ಹಬ್ಬಕ್ಕೆ ಮುಂಚೆ ನೀನೇ ಆ ಜೋಡಿ ಬಳೆಯನ್ನು ಅವಳ ಕೈಯಿಂದ ಬಿಚ್ಚಿಸಿಕೊಂಡು ಪಾಲಿಶ್ ಹಾಕಿಕೊಡುತ್ತಿದ್ದೆ. "ಬ್ಯಾಂಕಲ್ಲಿ ಮಡಗಿದ್ರೆ ಕಾಗ್ದ ಕೊಡ್ತಾರೆ ಕಣ್ಲಾ, ಎಂಡ್ತಿ ಕೈಲಿದ್ರೆ ಕಣ್ಮುಂದೆ ಇರ್ತದೆ" ಎನ್ನುತ್ತಿದ್ದೆ. ನಾನೂ ಅದನ್ನೇ ನಂಬಿಕೊಂಡಿದ್ದೆ.

ಮೊನ್ನೆ ನಿನ್ನ ಮೊಮ್ಮಗಳಿಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಸೋಮವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋದಂತೆ. ನನ್ನ ಕೈ ಖಾಲಿ. ಪಾಂಡವಪುರದ ನನ್ನ ಅಕ್ಕಸಾಲಿ ಅಂಗಡಿಯಲ್ಲಿ ಸಂಪಾದನೆ ನಿನ್ನ ಕಾಲಕ್ಕಿಂತ ಹೆಚ್ಚು, ಆದರೆ ಬೈಕಿನ ಕಂತು, ಫ್ರಿಜ್ಜಿನ ಕಂತು, ಟಿವಿಯ ಕಂತು... ದೇಶ ಬೆಳೆಯುತ್ತಿದೆ, ಜನ ಯಾಕೆ ಉಳಿಸುತ್ತಿಲ್ಲ ಎಂದು ಅದೇ ಟಿವಿಯಲ್ಲಿ ಒಬ್ಬ ಕೇಳುತ್ತಿದ್ದ. ಅವನಿಗೇನು, ಕೇಳುತ್ತಾನೆ.

ಬಳೆ ಕೇಳಿದರೆ ಅವ್ವ "ಅದ್ರ ತಂಟೆಗ್ ಬರ್ಬ್ಯಾಡ" ಎಂದಳು. ಇದ್ದೂ ಕೊಡುತ್ತಿಲ್ಲವಲ್ಲ ಎಂದು ನನಗೆ ಸಿಟ್ಟು. ಪಾಲಿಶ್ ಹಾಕಿಕೊಡುತ್ತೇನೆ ಎಂದು ಸುಳ್ಳು ಹೇಳಿ ಈಸಿಕೊಂಡೆ.

ಊರವರ ಚಿನ್ನವನ್ನೆಲ್ಲ ಒರೆಗೆ ಹಚ್ಚುವ ಅಕ್ಕಸಾಲಿ ನಾನು, ಮನೆಯ ಬಳೆಯನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಕರಗಿಸಲು ಬೆಂಕಿಗೆ ಹಿಡಿದೆ ನೋಡು, ಕಪ್ಪಗೆ ಅರಗು ಸೋರಿತು. ಮೇಲೆ ತೆಳ್ಳನೆಯ ಚಿನ್ನದ ತಗಡು, ಒಳಗೆ ಅರಗು, ತೂಕಕ್ಕೆ ತಾಮ್ರದ ತಂತಿ. ನಿನ್ನದೇ ಕೈಕೆಲಸ, ನನಗೆ ಗೊತ್ತಾಗದೇ? ಇಸ್ಪೀಟಿನಲ್ಲಿ ಕಳೆದೆಯಾ? ವಾರಕ್ಕೊಮ್ಮೆ ಕೆ.ಆರ್. ಪೇಟೆಗೆ ಹೋಗುತ್ತಿದ್ದೆಯಲ್ಲ, ಅಲ್ಲಿ ಯಾರಾದರೂ... ಥೂ, ಮಗನಾಗಿ ಏನೇನೆಲ್ಲ ಯೋಚಿಸಿದೆ!

ಅವ್ವನ ಮುಂದೆ ಹೋಗಿ ನಿಂತೆ. ಅವಳು ಸೊಪ್ಪು ಬಿಡಿಸುತ್ತಲೇ ಅಂದಳು: "ನಂಗೊತ್ತಿಲ್ವೇನ್ಲಾ? ನಿನ್ನಂಗ್ಡಿ ಅಡ್ವಾನ್ಸಿಗೆ ತಗ್ದಿದ್ದು ಅದ್ನ. ಅವತ್ತಿಂದ ಬಿಂದ್ಗೆಗೆ ತಾಕುದ್ರೆ ಬಳೆ ಸದ್ದೇ ಬ್ಯಾರೆ. ನಿಮ್ಮಪ್ಪ ಯೋಳ್ನಿಲ್ಲ, ನಾನು ಕೇಳ್ನಿಲ್ಲ."

ಅಂದರೆ ನಾನು ದಿನಾ ಬಾಗಿಲು ತೆರೆಯುವ ಅಂಗಡಿಯೇ ಆ ಚಿನ್ನ. ನಾಚಿಕೆಯಾಯಿತು ಅಪ್ಪಾ, ಅಳುವೂ ಬಂತು. ಒಂದು ಮಾತು ಹೇಳಬಾರದಿತ್ತೇ?

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಸದ್ದು ಬದಲಾದ ತಿಂಗಳೇ ಅವ್ವ ನಿನ್ನನ್ನು ನಂಬುವುದು ಬಿಟ್ಟಿದ್ದಳು. ಡೈರಿಗೆ ಹಾಕಿದ ಹಾಲಿನ ದುಡ್ಡನ್ನು ಗುಟ್ಟಾಗಿ ಪೋಸ್ಟಾಫೀಸಿಗೆ ಕಟ್ಟುತ್ತಾ ಬಂದಿದ್ದಾಳೆ. ಫೀಸಿನ ದುಡ್ಡನ್ನು ನನ್ನ ಕೈಗೆ ಕೊಡಲಿಲ್ಲ, ಮೊಮ್ಮಗಳ ಜೊತೆ ಮೈಸೂರಿಗೆ ಹೋಗಿ ತಾನೇ ಕಟ್ಟಿ ಬಂದಳು. ಮಿಕ್ಕಿದ್ದಕ್ಕೆ ನಾಮಿನಿಯೂ ಮೊಮ್ಮಗಳೇ, ನಾನಲ್ಲ. ಯಾಕವ್ವ ಎಂದು ಕೇಳಿದೆ.

"ನೀನೂ ನಿಮ್ಮಪ್ಪನ್ ಮಗನೇ ಅಲ್ವೇನ್ಲಾ?" ಅಂದಳು.