ಯಹ್ಯಾನ ಹೆಬ್ಬೆರಳು

ಯೆರೂಸಲೇಮ್. ಹೆಶ್ವಾನ್ ತಿಂಗಳ ಹನ್ನೆರಡು, ಸೋಮವಾರ.

ಆ ಮುದುಕರ ಮಾತು ಕಿವಿಯಿಂದ ಹೋಗುತ್ತಿಲ್ಲ.

ಯೆಮನ್ ಕಡೆಯ ಸಾಲಿಮ್ ಸಯಾನಿ ಇಂದು ಗ್ರಂಥಾಲಯಕ್ಕೆ ಬಂದಿದ್ದರು. ಅವರ ಅಪ್ಪ ಮಕ್ಕಳಿಗೆ ಓದು ಕಲಿಸುತ್ತಿದ್ದ ನಾನೂರು ವರ್ಷದ ಕೈಬರಹದ ತೋರಾ ಧರ್ಮಗ್ರಂಥದ ಪುಸ್ತಕವನ್ನು ನಾನೇ ಫೋಟೊ ತೆಗೆದು ಜಾಲತಾಣಕ್ಕೆ ಏರಿಸಿದ್ದೆ; ಫೋಟೊ ಆದ ಮೇಲೆ ಇಂಥ ಪುಸ್ತಕಗಳೆಲ್ಲ ದೂರದೂರದ ಒಡೆಯರಿಗೆ ಹಿಂದಿರುಗುತ್ತವೆ. ಹೆಮ್ಮೆಯಿಂದಲೇ ಪರದೆಯ ಮೇಲೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ, "ತಲೆಕೆಳಗು ಮಾಡಮ್ಮ, ಹೀಗಿದ್ರೆ ನಂಗೆ ಓದೋಕೆ ಬರಲ್ಲ" ಅಂದರು.

ತಿರುಗಿಸಿದೆ. ಎಲ್ಲೂ ತಡವರಿಸದೆ ರಾಗವಾಗಿ ಓದಿಬಿಟ್ಟರು. ನನ್ನ ಪೆಚ್ಚು ಮುಖ ನೋಡಿ ನಕ್ಕರು. "ಎಂಟು ಮಕ್ಳಿಗೆ ಒಂದೇ ಪುಸ್ತಕ ಕಣಮ್ಮ. ಸುತ್ತ ಕೂರ್ತಿದ್ವಿ. ನನ್ನ ಜಾಗ ಆಚೆ ಕಡೆ. ನೆಟ್ಟಗೆ ಕಾಣೋ ಜಾಗ ನಮ್ಮಣ್ಣ ಯಹ್ಯಾಂದು. ಪುಟ ಹಿಡ್ಕೊಳ್ತಿದ್ದೋನು ಅವನೇ."

ಆಮೇಲೆ ಪುಟದ ಅಂಚು ಹುಡುಕಿದರು. "ಅವನ ಹೆಬ್ಬೆಟ್ಟಿನ ಕಲೆ ಇತ್ತಲ್ಲ, ಎಲ್ಲೋಯ್ತು?"

"ಕೊಳೆ ಅಂತ ಫೋಟೊದ ಅಂಚು ಕತ್ತರಿಸಿಬಿಟ್ಟೆ, ಅಜ್ಜ."

ಬೈಯಲಿಲ್ಲ. "ಯೆಮನ್ ಬಿಟ್ಟು ಇಲ್ಲಿಗೆ ಬರೋವಾಗ ಏಡನ್ ಬಂದರಿನ ದಾರೀಲಿ ತೀರ್ಕೊಂಡ. ಎಲ್ಲಿ ಹೂತ್ರೋ ಗೊತ್ತಿಲ್ಲ. ಫೋಟೊನೂ ಇಲ್ಲ. ಅದೊಂದೇ ಇದ್ದಿದ್ದು."

ಪುಣ್ಯಕ್ಕೆ ಈ ಪುಸ್ತಕದ ಕತ್ತರಿಸದ ಚಿತ್ರಗಳನ್ನು ಇನ್ನೂ ಅಳಿಸಿರಲಿಲ್ಲ. ತೆರೆದೆ. ಪರದೆಯ ಮೇಲಿನ ಕಲೆಯ ಪಕ್ಕಕ್ಕೆ ಅಜ್ಜ ತಮ್ಮ ಸುಕ್ಕು ಹೆಬ್ಬೆರಳಿಟ್ಟು ಅಳೆದರು.

"ಅಯ್ಯೋ, ಅಣ್ಣ ಇಷ್ಟು ಚಿಕ್ಕೋನಿದ್ನಾ?"

ಸಂಜೆಯೊಳಗೆ ಅಂಚುಸಹಿತ ಮತ್ತೆ ಏರಿಸಿದೆ. ಅದರಿಂದೇನು? ಹತ್ತೊಂಬತ್ತು ವರ್ಷದ ಕೆಲಸ ನನ್ನದು. ಹಿಂದಿನ ಯಾವ ಪುಸ್ತಕದ ಅಂಚಿನ ಚಿತ್ರವನ್ನೂ ಉಳಿಸಿಕೊಂಡಿಲ್ಲ. ಕೊಳೆ, ಕೊಳೆ ಎಂದು ಇಷ್ಟು ವರ್ಷ ನಾನು ಯಾರ್ಯಾರನ್ನು ಕತ್ತರಿಸಿ ಎಸೆದೆನೋ.